ಮದ್ದಿಕ್ಕುವ ಬಸವನಹುಳು

ಕನ್ನಡದಲ್ಲಿ ‘ಮದ್ದು’ ಎಂಬ ಒಂದು ಮಾತು ಮೂರು ಕೆಲಸ ಮಾಡುತ್ತದೆ. ಜ್ವರ ಬಂದ ಮಗುವಿಗೆ ಬೇರು ತೇದು ಕುಡಿಸುವುದು ಮದ್ದು. ಪಟಾಕಿಗೆ, ಕೋವಿಗೆ ತುಂಬುವ ಕರಿಪುಡಿಯೂ ಮದ್ದು. ಆಗದವರು ಊಟದಲ್ಲಿ ಗುಟ್ಟಾಗಿ ಬೆರೆಸಿ ಹಾಕಿ ಮನುಷ್ಯನನ್ನು ಮಂಕು ಮಾಡುತ್ತಾರೆ, ತಮ್ಮ ಕೈವಶ ಮಾಡಿಕೊಳ್ಳುತ್ತಾರೆ ಎಂದು ಹಳ್ಳಿಗಳಲ್ಲಿ ಇಂದಿಗೂ ಹೆದರುವ ‘ಕೈಮದ್ದು’ ಮೂರನೆಯದು. ಗುಣಪಡಿಸುವುದಕ್ಕೂ ಸಿಡಿಯುವುದಕ್ಕೂ ವಶಮಾಡಿಕೊಳ್ಳುವುದಕ್ಕೂ ಒಂದೇ ಹೆಸರು ಸಾಕೆಂದು ನಮ್ಮ ಹಿರಿಯರಿಗೆ ಏಕೆ ಅನ್ನಿಸಿತೋ ತಿಳಿಯದು. ಆದರೆ ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಬದುಕುವ ಶಂಕು ಬಸವನಹುಳುವನ್ನು, ಜಗತ್ತು ಕೋನ್ ಸ್ನೇಲ್ ಎಂದು ಕರೆಯುವ ಪ್ರಾಣಿಯನ್ನು, ಬಣ್ಣಿಸಲು ಹೊರಟರೆ ಈ ಮೂರೂ ಅರ್ಥಗಳು ಒಟ್ಟಿಗೇ ಬೇಕಾಗುತ್ತವೆ. ಅದರ ಬಗ್ಗೆ ಬರೆಯುವವರೆಲ್ಲ ‘ವಿಷ’ ಎಂಬ ಮಾತಿನಿಂದ ಶುರುಮಾಡುತ್ತಾರೆ. ಆ ಮಾತು ತಪ್ಪಲ್ಲ, ಆದರೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ವಿಷ ಎಂದೊಡನೆ ಸಿಕ್ಕವರನ್ನೆಲ್ಲ ಸುಡುವ ದ್ರವವೊಂದು ಕಣ್ಣಮುಂದೆ ಬರುತ್ತದೆ. ಈ ಹುಳುವಿನ ಚೀಲದಲ್ಲಿರುವುದು ಒಬ್ಬೊಬ್ಬರ ವಿಳಾಸ ಬರೆದಿಟ್ಟ ನೂರಾರು ಓಲೆಗಳು. ಯಾವ ಓಲೆ ಯಾರ ಕೈಗೆ ಸಿಕ್ಕಿತು ಎಂಬುದರ ಮೇಲೆ ಅದು ಕೊಲ್ಲುತ್ತದೋ, ಮಲಗಿಸುತ್ತದೋ, ನೋವು ಕಳೆಯುತ್ತದೋ ಎಂಬುದು ನಿಂತಿದೆ.

ಮನುಷ್ಯರು ಬಹುಕಾಲ ನೋಡಿದ್ದು ಇದರ ಚಿಪ್ಪನ್ನು ಮಾತ್ರ. ಐಸ್‌ಕ್ರೀಂ ಕೋನಿನಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಮೈತುಂಬ ಬಲೆ, ಚುಕ್ಕಿ, ಅಲೆಗಳ ಕುಸುರಿ. ಯೂರೋಪಿನ ಸಿರಿವಂತರು ಇವನ್ನು ಒಡವೆಯಂತೆ ಕೂಡಿಟ್ಟರು. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಇದರ ಒಂದು ಜಾತಿಯ ಚಿಪ್ಪನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆದ. ತನ್ನ ಸಹಿಯನ್ನು ತಿರುಗುಮುರುಗಾಗಿ ಕೊರೆದು ಅಚ್ಚಿನಲ್ಲಿ ನೆಟ್ಟಗೆ ಬರುವಂತೆ ನೋಡಿಕೊಂಡವನು ಸುರುಳಿಯನ್ನು ಮಾತ್ರ ಕಂಡ ಹಾಗೆಯೇ ಕೊರೆದುಬಿಟ್ಟ. ನಮ್ಮ ಶಂಖದ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಲೆಲ್ಲೂ ಸಿಗುವ ಎಡಮುರಿ ಅವನ ಕಾಗದದ ಮೇಲೆ ಅಪರೂಪದ ಬಲಮುರಿಯಾಯಿತು! ಒಳಗಿರುವ ಪ್ರಾಣಿ ಅಪಾಯಕಾರಿ ಎಂಬುದು ಗೊತ್ತಿರಲಿಲ್ಲವೆಂದಲ್ಲ. 1705ರಲ್ಲಿ ಅಚ್ಚಾದ ನಿಸರ್ಗಶಾಸ್ತ್ರಜ್ಞ ರುಂಫಿಯಸ್‌ನ ಗ್ರಂಥದಲ್ಲೇ ಬಾಂಡಾ ದ್ವೀಪದಲ್ಲಿ ಹೆಂಗಸೊಬ್ಬಳು ಇದರ ಕುಟುಕಿನಿಂದ ಸತ್ತ ಪ್ರಸ್ತಾಪವಿದೆ. ಆದರೂ ತೆವಳುವ ಹುಳುವೊಂದು ಈಜುವ ಮೀನನ್ನು ಹಿಡಿದು ತಿನ್ನುತ್ತದೆ ಎಂಬುದನ್ನು ವಿಜ್ಞಾನದ ಪತ್ರಿಕೆಯಲ್ಲಿ ಕಂಡದ್ದು ಕಂಡಂತೆ ಬರೆದು ತೋರಿಸಿದ್ದು 1956ರಲ್ಲಿ, ಅಮೆರಿಕದ ಅಲನ್ ಕೋನ್. ಹೆಸರಿನ ಹೊಂದಿಕೆ ಬರೀ ಕಾಕತಾಳೀಯ.

ಆ ಬೇಟೆಯನ್ನು ಹತ್ತಿರದಿಂದ ನೋಡಬೇಕು. ಹುಳು ಮರಳಿನಲ್ಲಿ ಹೂತುಕೊಂಡಿರುತ್ತದೆ, ಹೊರಗೆ ಕಾಣುವುದು ಒಂದು ಗಿಡ್ಡ ನಳಿಕೆ ಮಾತ್ರ. ಅದು ನೀರು ಒಳಗೆಳೆದು ಮೂಸುವ ಮೂಗು. ಮೀನಿನ ವಾಸನೆ ಹತ್ತಿದೊಡನೆ ನಳಿಕೆಯ ಕೆಳಗಿನಿಂದ ಇನ್ನೊಂದು ಅಂಗ, ತೆಳ್ಳನೆಯ ಸೊಂಡಿಲು, ನಿಧಾನವಾಗಿ, ತಡವರಿಸುವಂತೆ ಚಾಚಿಕೊಳ್ಳುತ್ತದೆ. ಎರೆಹುಳುವಿನಂತೆ ಕಾಣುವ ಅದನ್ನು ಮೀನೇ ಬಂದು ಮೂತಿ ಹಾಕಿ ನೋಡುವುದೂ ಉಂಟು. ಸೊಂಡಿಲಿನ ತುದಿ ಮೀನಿನ ಮೈಗೆ ತಾಕುವ ತನಕ ಎಲ್ಲವೂ ಬಸವನಹುಳುವಿನ ಗತಿಯಲ್ಲೇ ನಡೆಯುತ್ತದೆ. ತಾಕಿದ ಕ್ಷಣ ಗತಿ ಬದಲಾಗುತ್ತದೆ. ಸೊಂಡಿಲಿನೊಳಗೆ ಬಿಗಿದಿಟ್ಟ ದ್ರವದ ಒತ್ತಡ ಬಿಚ್ಚಿಕೊಂಡು, ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಟೊಳ್ಳು ಹಲ್ಲೊಂದು ಈಟಿಯಂತೆ ಚಿಮ್ಮುತ್ತದೆ. ಕೋವಿಯ ಮದ್ದು ಎಂಬ ಅರ್ಥ ಇಲ್ಲಿ ಉಪಮೆಯ ಮಟ್ಟ ದಾಟಿ ನಿಜಕ್ಕೆ ಹತ್ತಿರವಾಗುತ್ತದೆ. ಉಳಿದ ಬಸವನಹುಳುಗಳು ಪಾಚಿ ಕೆರೆಯಲು ಬಳಸುವ ಅರದಂಥ ನಾಲಗೆಯ ಹಲ್ಲೇ ಇಲ್ಲಿ ಕೊಕ್ಕೆಯುಳ್ಳ ಸಿರಿಂಜಾಗಿದೆ. ಪ್ರತಿ ಬೇಟೆಗೂ ಹೊಸ ಹಲ್ಲು, ಮುಂದಿನವು ಚೀಲದಲ್ಲಿ ಸಾಲಾಗಿ ತಯಾರಾಗುತ್ತಿರುತ್ತವೆ. ಈಟಿ ನಾಟಿದ ಮೀನು ಒಂದೆರಡು ಸೆಕೆಂಡಿನಲ್ಲಿ ರೆಕ್ಕೆಗಳನ್ನೆಲ್ಲ ನಿಮಿರಿಸಿ ಕಟ್ಟಿಗೆಯಂತೆ ಸೆಟೆದು ನಿಲ್ಲುತ್ತದೆ. ಹುಳು ಈಟಿಯ ಬುಡವನ್ನು ಬಿಡದೆ ಹಿಡಿದು, ಗಾಳದವನು ದಾರ ಎಳೆದುಕೊಂಡಂತೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಬಾಯಿ ಚೀಲದಂತೆ ಹಿಗ್ಗಿ ತನ್ನಷ್ಟೇ ಗಾತ್ರದ ಮೀನನ್ನು ಇಡಿಯಾಗಿ ನುಂಗಿಬಿಡುತ್ತದೆ. ಕೆಲವು ತಾಸು ಕಳೆದ ಮೇಲೆ ಮುಳ್ಳು, ಪೊರೆ, ಮುಗಿದ ಈಟಿ ಇಷ್ಟನ್ನು ಹೊರಗೆ ಉಗುಳುತ್ತದೆ.

ಹೊಡೆತದ ವೇಗ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಮೀನನ್ನು ನಿಲ್ಲಿಸಿದ್ದು ಅದಲ್ಲ. ಈಟಿ ಚುಚ್ಚಿಸಿಕೊಂಡ ಮೀನು ಹತ್ತು ಮಾರು ಓಡಿ ಸತ್ತರೂ ತೆವಳುವವನಿಗೆ ಊಟ ತಪ್ಪಿದಂತೆಯೇ. ಸಾವು ಬೇಗ ಬಂದರೆ ಸಾಲದು, ಓಟ ಅಲ್ಲೇ ನಿಲ್ಲಬೇಕು. ಪೂರ್ವ ಪೆಸಿಫಿಕ್‌ನ ಕೋನಸ್ ಪರ್ಪ್ಯುರಾಸೆನ್ಸ್ ಎಂಬ ಜಾತಿ ಇದನ್ನು ಸಾಧಿಸುವ ರೀತಿ ಹೀಗಿದೆ. ನರಕೋಶದ ಗೋಡೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಿಗೆ ಬೇರೆಬೇರೆ ಕಿಂಡಿಗಳಿವೆ. ಅವು ತೆರೆದು ಮುಚ್ಚುವ ಲಯವೇ ನರದ ಸಂದೇಶ. ಹುಳುವಿನ ವಿಷದ ಒಂದು ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರುಸರ) ಸೋಡಿಯಂ ಕಿಂಡಿಯನ್ನು ಮುಚ್ಚಗೊಡುವುದಿಲ್ಲ. ಇನ್ನೊಂದು ಪೊಟ್ಯಾಸಿಯಂ ಕಿಂಡಿಯನ್ನು ತೆರೆಯಗೊಡುವುದಿಲ್ಲ. ಎರಡೂ ಕೂಡಿದಾಗ ನರಗಳೆಲ್ಲ ಒಮ್ಮೆಗೇ ಕೂಗಿಕೊಳ್ಳುತ್ತವೆ, ಮೀನು ಸೆಟೆಯುತ್ತದೆ. ಇದು ಮೊದಲ ತಂಡ. ಹಿಂದೆಯೇ ಬರುವ ಎರಡನೆಯ ತಂಡದ ಪೆಪ್ಟೈಡುಗಳು ನರದಿಂದ ಸ್ನಾಯುವಿಗೆ ಸುದ್ದಿ ದಾಟುವ ಜಾಗವನ್ನು ಮೂರು ಕಡೆಗಳಿಂದ ಕಡಿದುಹಾಕುತ್ತವೆ. ಆಗ ಸೆಟೆದ ಮೀನು ಜೋತುಬೀಳುತ್ತದೆ. ಹತ್ತರಿಂದ ನಲವತ್ತು ಅಮೈನೋ ಆಮ್ಲಗಳ ಇಷ್ಟಿಷ್ಟೇ ಅಣುಗಳು, ಒಂದೊಂದಕ್ಕೂ ಒಂದೊಂದು ಗುರಿ. ಒಂದು ಜಾತಿಯ ಹುಳುವಿನಲ್ಲಿ ಇಂಥವು ನೂರಕ್ಕೂ ಹೆಚ್ಚು. ಜಾತಿಗಳೋ 800ಕ್ಕೂ ಮಿಕ್ಕಿವೆ.

ಮೂರನೆಯ ಅರ್ಥದ ಮದ್ದು, ಕೈಮದ್ದು, ಕಾಣಬೇಕೆಂದರೆ ಕೋನಸ್ ಜಿಯೋಗ್ರಾಫಸ್‌ನ ಬಳಿಗೆ ಹೋಗಬೇಕು. ಇದಕ್ಕೆ ಗಾಳಕ್ಕಿಂತ ಬಲೆಯ ಮೇಲೆ ನೆಚ್ಚಿಕೆ. ರಾತ್ರಿ ಹವಳದ ಸಂದಿಯಲ್ಲಿ ಸಣ್ಣ ಮೀನುಗಳು ಗುಂಪಾಗಿ ತಂಗಿರುವಲ್ಲಿಗೆ ಬಂದು ತನ್ನ ಬಾಯನ್ನು ಆಲಿಕೆಯಂತೆ ಅಗಲಿಸಿ ಹಿಡಿಯುತ್ತದೆ. ಮೀನುಗಳು ಓಡುವುದಿಲ್ಲ. ತೂಕಡಿಸಿದಂತೆ, ದಾರಿ ಮರೆತಂತೆ ಅಲ್ಲೇ ತೇಲುತ್ತ ಒಂದೊಂದಾಗಿ ಆ ಬಾಯೊಳಗೆ ಸೇರಿಹೋಗುತ್ತವೆ. ಕುಟುಕುವ ಕೆಲಸ ಒಳಗೆ ಸೇರಿಸಿಕೊಂಡ ಮೇಲೆ. ಅವುಗಳಿಗೆ ಆದದ್ದೇನು? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಹೆಲೆನಾ ಸಫಾವಿ ಮತ್ತು ಜೊತೆಗಾರರು 2015ರಲ್ಲಿ ಇದರ ವಿಷಗ್ರಂಥಿಯಲ್ಲಿ ಕಂಡದ್ದು ಇನ್ಸುಲಿನ್. ಬಸವನಹುಳು ತನ್ನ ಮೈಗೆ ಬಳಸುವ ಇನ್ಸುಲಿನ್ ಬೇರೆ, ಇದು ಬೇರೆ. ಗ್ರಂಥಿಯಲ್ಲಿದ್ದದ್ದು ಮೀನಿನ ಇನ್ಸುಲಿನ್ನಿನ ನಕಲು. ಮೀನಿನ ನೆತ್ತರಿನ ಸಕ್ಕರೆ ಇಳಿದರೆ ಅದಕ್ಕೆ ಓಡುವ ತ್ರಾಣವೇ ಇರುವುದಿಲ್ಲ. ಸಕ್ಕರೆ ಇಳಿದಾಗ ಮೈ ತಾನಾಗಿ ಗ್ಲುಕಗಾನ್ ಎಂಬ ಹಾರ್ಮೋನು ಬಿಟ್ಟು ಅದನ್ನು ಮೇಲೇರಿಸಬೇಕಷ್ಟೆ? ಅದಕ್ಕೂ ಹುಳು ಅಡ್ಡಗಾಲು ಹಾಕಿದೆ. ಗ್ಲುಕಗಾನನ್ನು ತಡೆಯುವ ಸೊಮಾಟೊಸ್ಟ್ಯಾಟಿನ್ನಿನ ನಕಲೂ ಅದೇ ವಿಷದಲ್ಲಿದೆ ಎಂದು 2024ರಲ್ಲಿ ತಿಳಿಯಿತು. ಒಂದು ಕೈಯಿಂದ ದೀಪ ಆರಿಸಿ ಇನ್ನೊಂದು ಕೈಯಿಂದ ಬೆಂಕಿಪೊಟ್ಟಣ ಬಚ್ಚಿಟ್ಟಂತೆ.

ನೀರಿಗೆ ಬಿಟ್ಟ ಇನ್ಸುಲಿನ್ ಮೀನಿನ ಕಿವಿರಿನ ಮೂಲಕ ಒಳಹೋಗಿ ಇಷ್ಟೆಲ್ಲ ಮಾಡುತ್ತದೆಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಏನು ಎಂದು ಕೇಳುವವರಿಗೆ ಕೇಳುವ ಹಕ್ಕಿದೆ. ಸಿಕ್ಕಿರುವ ಪುರಾವೆ ಪರೋಕ್ಷದ್ದು. ಪ್ರಯೋಗಾಲಯದಲ್ಲಿ ತಯಾರಿಸಿದ ಅದೇ ಇನ್ಸುಲಿನ್ನನ್ನು ನೀರಿಗೆ ಬೆರೆಸಿದಾಗ ಜೀಬ್ರಾಮೀನಿನ ಮರಿಗಳ ಈಜು ಮಂದವಾಯಿತು, ಚುಚ್ಚಿದಾಗ ಮೀನಿನ ನೆತ್ತರಿನ ಸಕ್ಕರೆ ಇಳಿಯಿತು. ಹವಳದ ಸಂದಿಯಲ್ಲಿ ನಡೆಯುವುದೂ ಅದೇ ಎಂಬುದು ಇದರಿಂದ ಕಟ್ಟಿದ ಊಹೆ. ಊಹೆಯನ್ನು ಗಟ್ಟಿಮಾಡುವ ಸಂಗತಿಯೊಂದಿದೆ: ಕಡಲಹುಳುಗಳನ್ನು ತಿಂದು ಬದುಕುವ, ಶಂಖಗಳನ್ನು ತಿಂದು ಬದುಕುವ ಶಂಕುಗಳ ವಿಷದಲ್ಲೂ ಇನ್ಸುಲಿನ್ ಸಿಗುತ್ತದೆ, ಆದರೆ ಮೀನಿನ ಅಚ್ಚಿನದು ಅಲ್ಲಿಲ್ಲ. ಉಣ್ಣುವವನು ಬದಲಾದಂತೆ ಮದ್ದೂ ಬದಲಾಗಿದೆ. ಇನ್ನೂ ವಿಚಿತ್ರವಾದದ್ದು ಕಡಲಹುಳುಗಳನ್ನು ತಿನ್ನುವ ಕೋನಸ್ ಇಂಪೀರಿಯಾಲಿಸ್‌ನದು. ಕಡಲಹುಳುಗಳು ಕೂಡುವ ಕಾಲದಲ್ಲಿ ನೀರಿಗೆ ಬಿಡುವ ಕರೆಯ ವಾಸನೆಯನ್ನು ಹೋಲುವ ಸಣ್ಣ ಅಣುಗಳು ಇದರ ವಿಷದಲ್ಲಿವೆ ಎಂದು 2021ರಲ್ಲಿ ಪ್ರಕಟವಾಯಿತು. ಅವನ್ನು ನೀರಿಗೆ ಹಾಕಿದರೆ ಪ್ರಯೋಗಾಲಯದ ಕಡಲಹುಳುಗಳು ಜೋಡಿ ಬಂದಿದೆಯೆಂದು ಎಣಿಸಿ ಸುತ್ತತೊಡಗುತ್ತವೆ. ಬಿಲ ಬಿಟ್ಟು ಬಾರದ ಬೇಟೆಯನ್ನು ಹೊರಗೆಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದು? ಇದನ್ನು ವಿಷ ಎಂದು ಕರೆಯುವುದಕ್ಕೆ ನಾಲಗೆ ಏಳುವುದಿಲ್ಲ. ಇದು ವಶೀಕರಣ.

ಇಲ್ಲಿ ಒಂದು ಆಕ್ಷೇಪ ತಾನಾಗಿ ಏಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮವರು ಎಂದೋ ಹೇಳಿಟ್ಟಿದ್ದಾರೆ. ವಿಷಕ್ಕೂ ಔಷಧಿಗೂ ಇರುವ ಅಂತರ ಪ್ರಮಾಣದ್ದು ಮಾತ್ರ, ಇನ್ಸುಲಿನ್ ಹೆಚ್ಚಾದರೆ ಮನುಷ್ಯನೂ ಸಾಯುತ್ತಾನೆ, ಇದರಲ್ಲಿ ಹೊಸತೇನು? ಪ್ರಮಾಣದ ಮಾತು ಇನ್ಸುಲಿನ್ನಿಗೆ ಒಪ್ಪುತ್ತದೆ. ಶಂಕುಗಳ ಉಳಿದ ಪೆಪ್ಟೈಡುಗಳಿಗೆ ಒಪ್ಪುವುದಿಲ್ಲ. ಫಿಲಿಪ್ಪೀನ್ಸಿನ ಬಾಲ್ಡೊಮೆರೊ ಒಲಿವೆರಾ ಅಮೆರಿಕದಲ್ಲಿ ಡಿಎನ್‌ಎ ಕುರಿತು ಸಂಶೋಧನೆ ಮಾಡಿ ತಾಯ್ನಾಡಿಗೆ ಮರಳಿದಾಗ ಅಲ್ಲಿ ಆ ಕೆಲಸಕ್ಕೆ ಬೇಕಾದ ಉಪಕರಣಗಳಿರಲಿಲ್ಲ. ಕೈಗೆಟಕುವ ವಸ್ತುವೆಂದು ತಾವು ಚಿಕ್ಕಂದಿನಲ್ಲಿ ಚಿಪ್ಪು ಆಯುತ್ತಿದ್ದ ಶಂಕುಗಳತ್ತ ತಿರುಗಿದರು. ಮುಂದೆ ಯೂಟಾದಲ್ಲಿ ಅವರ ವಿದ್ಯಾರ್ಥಿಗಳು ವಿಷದ ಒಂದೊಂದು ಅಂಶವನ್ನೂ ಬಿಡಿಸಿ ಇಲಿಗಳ ಮಿದುಳಿಗೆ ನೇರ ಚುಚ್ಚಿ ನೋಡಿದಾಗ ಒಂದಕ್ಕೆ ಇಲಿ ನಡುಗಿತು, ಒಂದಕ್ಕೆ ಮೈ ಕೆರೆದುಕೊಂಡಿತು, ಒಂದಕ್ಕೆ ನಿದ್ದೆ ಹೋಯಿತು. ನಿದ್ದೆ ತರಿಸಿದ ಅಣು ಎಳೆಯ ಮರಿಗಳನ್ನು ಮಲಗಿಸಿದರೆ ಬೆಳೆದ ಇಲಿಗಳನ್ನು ಕುಣಿಸಿ ಹಾಕಿತು! ಮದ್ದು ಅದೇ, ಮಿದುಳಿನ ವಯಸ್ಸು ಬೇರೆ. ಶಂಖಗಳನ್ನು ತಿನ್ನುವ ಕೋನಸ್ ಟೆಕ್ಸ್‌ಟೈಲ್‌ನ ಒಂದು ಪೆಪ್ಟೈಡಂತೂ ಇಲಿಯ ಸೋಡಿಯಂ ಕಿಂಡಿಗೆ ಹೋಗಿ ಭದ್ರವಾಗಿ ಅಂಟಿಕೊಳ್ಳುತ್ತದೆ, ಆದರೆ ಇಲಿಗೆ ಏನೂ ಆಗುವುದಿಲ್ಲ. ಮೃದ್ವಂಗಿಯ ನರದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಕೀಲಿ ಬೀಗದೊಳಗೆ ಹೊಕ್ಕರೂ ತಿರುಗಲಿಲ್ಲವೆಂದರೆ ಪ್ರಮಾಣ ಹೆಚ್ಚಿಸಿ ಫಲವೇನು?

ಇದೇ ಮಾತಿಗೆ ಎಲ್ಲಕ್ಕಿಂತ ಒಳ್ಳೆಯ ನಿದರ್ಶನ ಕೋನಸ್ ಮೇಗಸ್‌ನ ಒಂದು ಪೆಪ್ಟೈಡ್. ಮೇಗಸ್ ಎಂದರೆ ಮಾಂತ್ರಿಕ. ಲಿನೇಯಸ್ 1758ರಲ್ಲಿ ಇಟ್ಟ ಹೆಸರು, ಅವನಿಗೆ ಮುಂದಿನ ಕಥೆ ಗೊತ್ತಿರಲು ಸಾಧ್ಯವಿಲ್ಲ. ಒಲಿವೆರಾ ಅವರ ಪ್ರಯೋಗಾಲಯಕ್ಕೆ ಶಾಲೆ ಮುಗಿಸಿ ಆಗಷ್ಟೇ ಬಂದಿದ್ದ 18 ವರ್ಷದ ಮೈಕೆಲ್ ಮ್ಯಾಕಿಂಟಾಷ್ ಇದನ್ನು ಬೇರ್ಪಡಿಸಿದರು. 25 ಅಮೈನೋ ಆಮ್ಲಗಳ ಈ ಅಣು ಕ್ಯಾಲ್ಸಿಯಂ ಕಿಂಡಿಯ ಒಂದು ಬಗೆಯನ್ನು ಮುಚ್ಚುತ್ತದೆ. ಮೀನಿನಲ್ಲಿ ನರದಿಂದ ಸ್ನಾಯುವಿಗೆ ಅಪ್ಪಣೆ ದಾಟುವುದು ಆ ಬಗೆಯ ಕಿಂಡಿಯಿಂದ. ಅದನ್ನು ಮುಚ್ಚಿದರೆ ಮೀನಿಗೆ ಲಕ್ವ. ಸಸ್ತನಿಗಳಲ್ಲಿ ಸ್ನಾಯುವಿನ ಅಪ್ಪಣೆಗೆ ಬೇರೊಂದು ಬಗೆಯ ಕಿಂಡಿಯಿದೆ. ಮೀನಿನ ಸ್ನಾಯುವಿನ ಬಾಗಿಲಲ್ಲಿದ್ದ ಕಿಂಡಿ ನಮ್ಮಲ್ಲಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಮಿದುಳಿಗೆ ಹತ್ತುವ ಮೆಟ್ಟಿಲಲ್ಲಿ ಕೂತಿದೆ. ಅದೇ ಬೀಗ, ಬೇರೆ ಮನೆ, ಬೇರೆ ಬಾಗಿಲು. ಹೀಗೆ ಮೀನಿನ ಲಕ್ವ ಮನುಷ್ಯನ ನೋವುನಿವಾರಕವಾಯಿತು. ಜಿಕೊನೊಟೈಡ್ ಎಂಬ ಹೆಸರಿನಲ್ಲಿ 2004ರ ಕೊನೆಗೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಹುಳುವಿನ ಅಣುವಿನಲ್ಲಿ ಒಂದಕ್ಷರವನ್ನೂ ಬದಲಿಸದೆ ಕಾರ್ಖಾನೆಯಲ್ಲಿ ಪ್ರತಿ ಮಾಡಿದ್ದು ಅದು. ಮಾರ್ಫಿನ್ನಿನಂತೆ ದಿನ ಕಳೆದಂತೆ ಹೆಚ್ಚು ಹೆಚ್ಚು ಬೇಡುವ ಚಾಳಿಯೂ ಅದಕ್ಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇಷ್ಟು ಗುರಿಯರಿತ ಮದ್ದಾದರೆ ಅದು ಮನುಷ್ಯರನ್ನು ಕೊಲ್ಲುವುದೇಕೆ? ಮನುಷ್ಯ ಇದರ ಆಹಾರವಂತೂ ಅಲ್ಲ. ದಾಖಲಾದ ಸಾವುಗಳು ಮೂವತ್ತಕ್ಕೂ ಹೆಚ್ಚು, ಬಹುಪಾಲು ಜಿಯೋಗ್ರಾಫಸ್‌ನಿಂದಲೇ. ಕುಟುಕಿಸಿಕೊಂಡವನಿಗೆ ಎಷ್ಟೋ ಸಲ ದೊಡ್ಡ ನೋವೂ ಆಗುವುದಿಲ್ಲ. ಜೋಮು ಹಿಡಿದು, ಕಣ್ಣು ಮಂಜಾಗಿ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಪ್ರತಿವಿಷ ಇಲ್ಲ, ಯಂತ್ರದಿಂದ ಉಸಿರಾಡಿಸುತ್ತ ವಿಷ ಇಳಿಯುವ ತನಕ ಕಾಯುವುದೊಂದೇ ದಾರಿ. (ಕುಟುಕಿದ ಮೇಲೆ ಒಂದು ಸಿಗರೇಟು ಸೇದುವಷ್ಟೇ ಹೊತ್ತು ಉಳಿದಿರುತ್ತದೆಂದು ಇದಕ್ಕೆ ‘ಸಿಗರೇಟು ಹುಳು’ ಎಂಬ ಅಡ್ಡಹೆಸರಿದೆ. ಅದು ಉತ್ಪ್ರೇಕ್ಷೆ, ಸಾವಿಗೆ ತಾಸುಗಳೇ ಹಿಡಿಯುತ್ತವೆ.) ಈ ಆಕ್ಷೇಪಕ್ಕೆ 2014ರಲ್ಲಿ ಬಂದ ಒಂದು ಸಂಶೋಧನೆ ಉತ್ತರ ಕೊಟ್ಟಿದೆ. ಸೆಬಾಸ್ಟಿಯನ್ ಡ್ಯುಟೆರ್ಟ್ರ್ ಮತ್ತು ಸಂಗಡಿಗರು ಒಂದೇ ಹುಳುವಿನಿಂದ ಎರಡು ಬಗೆಯಲ್ಲಿ ವಿಷ ಪಡೆದರು: ಮೀನು ತೋರಿಸಿ ಒಮ್ಮೆ, ಅದುಮಿ ಕೆಣಕಿ ಇನ್ನೊಮ್ಮೆ. ಎರಡೂ ಬೇರೆಬೇರೆಯಾಗಿದ್ದವು. ಬೇಟೆಯ ವಿಷ ವಿಷನಾಳದ ಒಂದು ಭಾಗದಲ್ಲಿ ತಯಾರಾದರೆ ರಕ್ಷಣೆಯ ವಿಷ ಇನ್ನೊಂದು ಭಾಗದಲ್ಲಿ. ಬೇಟೆಯ ವಿಷ ಮನುಷ್ಯನ ನರಗಳ ಮೇಲೆ ಹೆಚ್ಚೇನೂ ಮಾಡುವುದಿಲ್ಲ. ಲಕ್ವ ಹೊಡೆಸುವ ಪೆಪ್ಟೈಡುಗಳು ದಂಡಿಯಾಗಿರುವುದು ರಕ್ಷಣೆಯದರಲ್ಲಿ. ಅಂದರೆ ಚಿಪ್ಪಿನ ಚೆಲುವಿಗೆ ಮರುಳಾಗಿ ಅದನ್ನು ಎತ್ತಿಕೊಂಡವನಿಗೆ ಸಿಕ್ಕಿದ್ದು ಮೀನಿಗೆ ಮೀಸಲಾದದ್ದಲ್ಲ, ಹುಳುವನ್ನು ತಿನ್ನಬಂದ ಶತ್ರುವಿಗೆಂದು ಇಟ್ಟದ್ದು. ಅಲ್ಲೂ ವಿಳಾಸವಿತ್ತು, ಕೈ ಹಾಕಿದವನು ಆ ವಿಳಾಸಕ್ಕೆ ತಕ್ಕವನಾದ.

ವಿಳಾಸ, ಓಲೆ, ನಕಲು ಎಂದೆಲ್ಲ ಬರೆಯುವುದರಲ್ಲಿ ಒಂದು ಮೋಸವಿದೆ ಎಂದು ಜೀವಶಾಸ್ತ್ರ ಬಲ್ಲವರು ಹುಬ್ಬುಗಂಟಿಕ್ಕಬಹುದು. ಬಸವನಹುಳುವಿಗೆ ಉದ್ದೇಶವಿಲ್ಲ, ಮೀನಿನ ಶರೀರಶಾಸ್ತ್ರ ಅದು ಓದಿಲ್ಲ. ಸರಿಯೇ. ವಂಶವಾಹಿ ನಕಲಾಗುವಾಗ ಆಗಾಗ ಒಂದರ ಬದಲು ಎರಡು ಪ್ರತಿ ಉಳಿದುಬಿಡುತ್ತವೆ. ಒಂದು ಪ್ರತಿ ಮೈಯ ಹಳೆಯ ಕೆಲಸ ನೋಡಿಕೊಂಡರೆ, ಬಿಡುವಾಗಿರುವ ಇನ್ನೊಂದು ವಿಷಗ್ರಂಥಿಯಲ್ಲಿ ಬೇರೆ ಉದ್ಯೋಗಕ್ಕೆ ಸೇರಬಹುದು. ಶಂಕುಗಳ ವಿಷದ ವಂಶವಾಹಿಗಳಲ್ಲಿ ಅಣುವಿನ ಚೌಕಟ್ಟು ಹಿಡಿದಿಡುವ ಭಾಗ ಬದಲಾಗದೆ ನಿಂತು, ನಡುವಿನ ಭಾಗ ಹುಚ್ಚುಹುಚ್ಚಾಗಿ ಬದಲಾಗುತ್ತ ಬಂದಿದೆ. ಕೊಡದ ಬಾಯಿ ಅದೇ ಇದ್ದು ಒಳಗಿನ ನೀರು ಬದಲಾದ ಹಾಗೆ. ಇದರಲ್ಲಿ ಬಹುತೇಕ ಬದಲಾವಣೆ ವ್ಯರ್ಥ. ಮೀನೊಂದನ್ನು ಒಂದು ಕ್ಷಣ ಹೆಚ್ಚು ಹಿಡಿದಿಟ್ಟದ್ದು ಉಳಿಯಿತು. ಹಾಗೆ ನೋಡಿದರೆ ಓಲೆಯ ಮೇಲಿನ ವಿಳಾಸ ಬರೆದದ್ದು ಹುಳುವಲ್ಲ, ತಪ್ಪಿಸಿಕೊಳ್ಳಲಾರದೆ ಹೋದ ಮೀನುಗಳು. ಹುಳುವಿನ ನಿಧಾನವೂ ಈ ಲೆಕ್ಕದಲ್ಲಿ ಸೇರುತ್ತದೆ: ಬೆನ್ನಟ್ಟಬಲ್ಲವನಿಗೆ ಮದ್ದು ಸುಮಾರಾಗಿದ್ದರೂ ನಡೆಯುತ್ತಿತ್ತು, ಬೆನ್ನಟ್ಟಲಾರದವನಲ್ಲಿ ಸುಮಾರಾದದ್ದು ಉಳಿಯಲಿಲ್ಲ.

ಔಷಧಿಯ ವಿಷಯದಲ್ಲಿ ಮಾತ್ರ ಉತ್ಸಾಹಕ್ಕೆ ಸ್ವಲ್ಪ ಲಗಾಮು ಹಾಕಬೇಕು. ನಿಸರ್ಗದ ಔಷಧಾಲಯ, ಕಡಲಿನ ಸಂಜೀವಿನಿ ಎಂಬಂಥ ಮಾತುಗಳಿಗೆ ಈ ಹುಳು ಬಹಳ ಸಲ ಸಿಕ್ಕಿಬಿದ್ದಿದೆ. ಮಾರುಕಟ್ಟೆಗೆ ಬಂದದ್ದು ಜಿಕೊನೊಟೈಡ್ ಒಂದು. ಅದನ್ನು ನುಂಗುವಂತಿಲ್ಲ, ಹೊಟ್ಟೆ ಅದನ್ನು ಅನ್ನದಂತೆ ಅರಗಿಸಿಬಿಡುತ್ತದೆ. ರಕ್ತಕ್ಕೆ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ, ಬೆನ್ನುಹುರಿಯನ್ನೂ ಅದು ತಲುಪುವುದಿಲ್ಲ. ಹಾಗಾಗಿ ಚರ್ಮದಡಿ ಪಂಪ್ ಕೂರಿಸಿ ಸಣ್ಣ ಕೊಳವೆಯಿಂದ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹನಿಸಬೇಕು. ತಲೆಸುತ್ತು, ಗೊಂದಲ, ಭ್ರಮೆಗಳ ಎಚ್ಚರಿಕೆ ಬೇರೆ. ಬೇರೆ ಯಾವುದಕ್ಕೂ ಬಗ್ಗದ ನೋವಿನವರಿಗೆ ಮಾತ್ರ ಅದು. ಆದರೆ ಈ ಕಷ್ಟ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಅಣುವಿನಲ್ಲಿ ದೋಷವಿಲ್ಲ, ಹುಳುವಿನ ಬಳಿ ಈಟಿಯಿತ್ತು, ನಮ್ಮ ಬಳಿ ಇಲ್ಲ. ಮದ್ದಿನ ಅರ್ಧ ಅದು ತಲುಪುವ ದಾರಿಯಲ್ಲಿದೆ. ಇನ್ಸುಲಿನ್ನಿನ ಕಥೆಯಲ್ಲಿ ಸಂಶೋಧಕರು ಜಾಣತನ ತೋರಿ ಅಣುವಿನ ಬದಲು ಅದರ ಉಪಾಯವನ್ನು ಎತ್ತಿಕೊಂಡರು. ಮನುಷ್ಯನ ಇನ್ಸುಲಿನ್ ಆರಾರು ಸೇರಿ ಗಂಟು ಕಟ್ಟಿಕೊಳ್ಳುತ್ತದೆ, ಚುಚ್ಚಿದ ಮೇಲೆ ಗಂಟು ಬಿಚ್ಚಿ ಕೆಲಸಕ್ಕಿಳಿಯಲು ಹೊತ್ತು ಹಿಡಿಯುತ್ತದೆ. ಗಂಟು ಕಟ್ಟಿಸುವ ಬಾಲದ ತುಂಡೇ ಹುಳುವಿನ ಇನ್ಸುಲಿನ್ನಿನಲ್ಲಿಲ್ಲ, ಕಾಯಲು ಅದಕ್ಕೆ ಪುರಸೊತ್ತಿಲ್ಲವಷ್ಟೆ? ಆ ಬಾಲ ಕತ್ತರಿಸಿಯೂ ಕೆಲಸ ಮಾಡುವ ಮನುಷ್ಯ ಇನ್ಸುಲಿನ್ನೊಂದನ್ನು 2020ರಲ್ಲಿ ರೂಪಿಸಿ ತೋರಿಸಿದ್ದಾರೆ. ಅದು ಔಷಧಿಯಾಗುವ ದಾರಿ ಇನ್ನೂ ದೂರವಿದೆ.

ರಾಮೇಶ್ವರ, ಕನ್ಯಾಕುಮಾರಿಗಳ ಚಿಪ್ಪಿನಂಗಡಿಗಳಲ್ಲಿ ಶಂಕುಗಳನ್ನು ಕೊಂಡು ತಂದು ಶೋಕೇಸಿನಲ್ಲಿಟ್ಟ ಮನೆಗಳು ಕರ್ನಾಟಕದಲ್ಲೂ ಇವೆ. ಆ ಚಿಪ್ಪಿನೊಳಗಿದ್ದದ್ದರ ಕಥೆಯ ಒಂದು ತುಣುಕು ಬೆಂಗಳೂರಿನಲ್ಲೇ ನಡೆದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆ. ಎಸ್. ಕೃಷ್ಣನ್ ಮತ್ತವರ ಸಂಗಡಿಗರು ಭಾರತದ ಕರಾವಳಿಯ ಕೋನಸ್ ಅಮಾಡಿಸ್‌ನಿಂದ ಒಂದು ಪೆಪ್ಟೈಡ್ ಬೇರ್ಪಡಿಸಿ 2003ರಲ್ಲಿ ವರದಿ ಮಾಡಿದರು. ಇಲಿಯ ಮಿದುಳಿನ ಸೋಡಿಯಂ ಕಿಂಡಿಯನ್ನು ಅದು ಮುಚ್ಚಗೊಡುವುದಿಲ್ಲ ಎಂಬುದು ಅವರು ಅಳೆದು ಕಂಡ ಸಂಗತಿ. ಅಮಾಡಿಸ್ ತನ್ನ ಬಾಳಿನಲ್ಲಿ ಎಂದೂ ಇಲಿಯನ್ನು ಕಂಡದ್ದಲ್ಲ. ಅದು ತಿನ್ನುವುದು ಬೇರೆ ಶಂಖದ ಹುಳುಗಳನ್ನು. ಬೆಂಗಳೂರಿನಲ್ಲಿ ಬಿಚ್ಚಿ ಓದಿದ ಆ ಓಲೆ ಹೊರಟಿದ್ದದ್ದು ಕಡಲತಳದ ಮರಳಿನಲ್ಲಿ ತನ್ನ ಪಾಡಿಗೆ ತೆವಳುತ್ತಿರುವ ಇನ್ನೊಂದು ಬಸವನಹುಳುವಿಗೆ.